ಹೆರಿಗೆಯ ನಂತರದ ಮರೆವೋ, ಎಡಿಎಚ್‌ಡಿಯೋ: ಬೇರ್ಪಡಿಸಿ ನೋಡುವುದು ಹೇಗೆ

ಹೆರಿಗೆಯಾಗಿ ನಾಲ್ಕು ತಿಂಗಳಾದ ತಾಯಿಯ ಕೈಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಬಾಲ್ಯದಿಂದಲೇ ಇರುವ ಮಿದುಳಿನ ಸ್ಥಿತಿ) ಲಕ್ಷಣಗಳ ಪಟ್ಟಿ ಕೊಟ್ಟರೆ, ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ ಆಕೆ ಹೌದು ಎಂದರೂ ಆಶ್ಚರ್ಯವಿಲ್ಲ. ಇಟ್ಟ ವಸ್ತು ಸಿಗುವುದಿಲ್ಲ. ಹಿಡಿದ ಕೆಲಸ ಮುಗಿಯುವುದಿಲ್ಲ. ಎದುರಿಗಿದ್ದವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಕೋಣೆಗೆ ಯಾಕೆ ಬಂದೆ ಎಂಬುದೇ ಮರೆತಿರುತ್ತದೆ. ಉತ್ತರಗಳೆಲ್ಲ ನಿಜವೇ. ಆದರೆ ಇವೇ ಲಕ್ಷಣಗಳನ್ನು ನಿದ್ದೆಗೇಡು, ಥೈರಾಯ್ಡ್, ಕಬ್ಬಿಣದ ಕೊರತೆ, ಖಿನ್ನತೆ, ಆತಂಕ, ಎಡಿಎಚ್‌ಡಿ, ಇವುಗಳಲ್ಲಿ ಯಾವುದು ಬೇಕಾದರೂ ತರಬಹುದು. ಆದ್ದರಿಂದ ಏನೇನು ಮರೆಯುತ್ತಿದೆ ಎಂದು ಎಷ್ಟು ಎಣಿಸಿದರೂ ಕಾರಣ ತಿಳಿಯುವುದಿಲ್ಲ. ಇದು ಯಾವಾಗ ಶುರುವಾಯಿತು, ಯಾವಾಗ ಕಡಿಮೆಯಾಗುತ್ತದೆ, ಇವೆರಡನ್ನು ಹಿಡಿದು ಹೊರಟರೆ ಮಾತ್ರ ದಾರಿ ಸಿಗುತ್ತದೆ.

ತಪ್ಪು ಎರಡೂ ಕಡೆಯಿಂದ ಆಗುತ್ತದೆ. ಬಾಣಂತಿಗೆ ಮರೆವು ಇದ್ದದ್ದೇ ಎಂದು ಸಮಾಧಾನ ಹೇಳಿ ಕಳಿಸಿದರೆ, ಬಾಲ್ಯದಿಂದ ಒಳಗೊಳಗೇ ಹೆಣಗಿದ ಹೆಣ್ಣಿಗೆ ಸಿಗಬೇಕಾದ ನೆರವು ಇನ್ನಷ್ಟು ವರ್ಷ ಮುಂದೆ ಹೋಗುತ್ತದೆ. ಥೈರಾಯ್ಡ್ ಹಾರ್ಮೋನು ಏರಿರುವವರಿಗೆ ಪರೀಕ್ಷೆ ಮಾಡಿಸದೆ ಎಡಿಎಚ್‌ಡಿ ಮಾತ್ರೆ ಕೊಟ್ಟರೆ, ಮೊದಲೇ ಓಡುತ್ತಿರುವ ಎದೆಬಡಿತ ಇನ್ನೂ ಓಡುತ್ತದೆ. ಈ ಎರಡನ್ನೂ ತಡೆಯಬಹುದು. ಅದಕ್ಕೆ ದುಬಾರಿ ಯಂತ್ರ ಬೇಡ, ಒಂದು ನೋಟ್‌ಬುಕ್, ಎರಡು ವಾರದ ತಾಳ್ಮೆ, ಕೆಲವು ರಕ್ತಪರೀಕ್ಷೆಗಳು ಸಾಕು.

ಮಿದುಳಿನಲ್ಲಿ ಆಗುವುದೇನು

ಗರ್ಭಧಾರಣೆ ಮಿದುಳನ್ನು ನಿಜಕ್ಕೂ ಬದಲಿಸುತ್ತದೆ. ಮಿದುಳು ಸಂಶೋಧಕಿ ಎಲ್ಸೆಲಿನ್ ಹೂಕ್ಜೆಮಾ ಮತ್ತು ಸಂಗಡಿಗರು ಮೊದಲ ಸಲ ತಾಯಿಯಾದವರ ಮಿದುಳನ್ನು ಗರ್ಭ ಧರಿಸುವ ಮೊದಲು ಮತ್ತು ಹೆರಿಗೆಯ ನಂತರ ಸ್ಕ್ಯಾನ್ ಮಾಡಿ, 2016ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆಯವರ ಮನಸ್ಸನ್ನು ಗ್ರಹಿಸಲು ನೆರವಾಗುವ ಭಾಗಗಳಲ್ಲಿ ಬೂದುದ್ರವ್ಯದ (ನರಕೋಶಗಳು ದಟ್ಟವಾಗಿರುವ ಪದರದ) ಗಾತ್ರ ಇಳಿದಿತ್ತು, ಎರಡು ವರ್ಷದ ನಂತರವೂ ಅದರ ಹೆಚ್ಚಿನ ಭಾಗ ಹಾಗೆಯೇ ಇತ್ತು. ಗಾತ್ರ ಇಳಿಯಿತು ಎಂದೊಡನೆ ಬುದ್ಧಿ ಇಳಿಯಿತು ಎಂದು ಗಾಬರಿಯಾಗಬೇಡಿ. ಅದೇ ಅಧ್ಯಯನದ ನೆನಪಿನ ಪರೀಕ್ಷೆಗಳಲ್ಲಿ ಆ ತಾಯಂದಿರು ಹಿಂದೆ ಬಿದ್ದಿರಲಿಲ್ಲ. 2024ರಲ್ಲಿ ಒಬ್ಬ ಮಹಿಳೆಯ ಮಿದುಳನ್ನು ಗರ್ಭ ಧರಿಸುವ ಮೊದಲಿನಿಂದ ಹೆರಿಗೆಯ ಎರಡು ವರ್ಷದ ನಂತರದವರೆಗೆ 26 ಸಲ ಸ್ಕ್ಯಾನ್ ಮಾಡಿದ ಕೆಲಸವೂ ಬಂತು. ಬದಲಾವಣೆ ವಾರವಾರಕ್ಕೂ ಹಂತಹಂತವಾಗಿ ನಡೆಯುವುದು ಅದರಲ್ಲಿ ಕಾಣುತ್ತದೆ.

ಹಾಗಾದರೆ ಮರೆವು ಬರೀ ಭ್ರಮೆಯೇ? ಅಲ್ಲ. 20 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೋಡಿದಾಗ, ಗರ್ಭಿಣಿಯರ ನೆನಪು ಮತ್ತು ಯೋಜನಾಶಕ್ತಿ ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ ತುಸು ಕುಗ್ಗಿದ್ದು ಕಂಡಿತು. ಆದರೆ ಅಂಕಗಳು ಬಹುತೇಕ ಸಾಮಾನ್ಯ ಮಿತಿಯೊಳಗೇ ಇದ್ದವು. ಅಂದರೆ ನಿಮಗೆ ಮತ್ತು ಹತ್ತಿರದವರಿಗೆ ಗೊತ್ತಾಗುವಷ್ಟು ಇಳಿತ, ಬದುಕು ಹಳಿ ತಪ್ಪುವಷ್ಟಲ್ಲ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲಸ ಕೈಬಿಟ್ಟು ಹೋಗುವಷ್ಟು, ಬಿಲ್ಲುಗಳು ತಿಂಗಳುಗಟ್ಟಲೆ ಬಾಕಿ ಬೀಳುವಷ್ಟು, ಮಗುವಿನ ಲಸಿಕೆಯ ದಿನ ಮತ್ತೆ ಮತ್ತೆ ತಪ್ಪುವಷ್ಟು ತೊಂದರೆ ಇದ್ದರೆ, ಅದನ್ನು ಬರೀ ಬಾಣಂತನದ ಲೆಕ್ಕಕ್ಕೆ ಹಾಕಿ ಕೂರಬಾರದು.

ಹಾರ್ಮೋನಿನ ಪಾತ್ರವೂ ಇದೆ. ಗರ್ಭದಲ್ಲಿ ಬಹಳ ಎತ್ತರಕ್ಕೆ ಏರಿದ ಈಸ್ಟ್ರೊಜೆನ್, ಮಾಸು ಹೊರಬಂದ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಎದೆಹಾಲು ಕುಡಿಸುವಷ್ಟು ಕಾಲ ಅದು ಕೆಳಮಟ್ಟದಲ್ಲೇ ಇರಬಹುದು. ಗಮನ ಹಿಡಿದಿಡಲು ಬೇಕಾದ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಕೆಲಸಕ್ಕೆ ಈಸ್ಟ್ರೊಜೆನ್ ಒತ್ತಾಸೆಯಾಗಿ ನಿಲ್ಲುತ್ತದೆ. ಡೋಪಮೈನ್ ವ್ಯವಸ್ಥೆ ಮೊದಲೇ ಬೇರೆ ರೀತಿಯಲ್ಲಿ ನಡೆಯುವ ಎಡಿಎಚ್‌ಡಿ ಇರುವವರಿಗೆ ಈ ಕುಸಿತ ಹೆಚ್ಚು ತಟ್ಟಬಹುದು ಎಂಬುದಕ್ಕೆ ಕೊಡುವ ವಿವರಣೆ ಇದು.

ಇವೆಲ್ಲಕ್ಕಿಂತ ದೊಡ್ಡದು ನಿದ್ದೆ. ಒಂದು ನಿದ್ರಾಚಕ್ರಕ್ಕೆ ಸುಮಾರು 90 ನಿಮಿಷ ಬೇಕು. ಎಳೆಮಗು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸುತ್ತದೆ. ಕುಡಿಸಿ, ತೇಗು ತೆಗೆಸಿ, ಮಲಗಿಸಿ ಮತ್ತೆ ಕಣ್ಣು ಮುಚ್ಚುವ ಹೊತ್ತಿಗೆ ಅದರಲ್ಲಿ ಒಂದು ಗಂಟೆ ಹೋಗಿರುತ್ತದೆ. ಒಟ್ಟು ಏಳು ಗಂಟೆ ಹಾಸಿಗೆಯಲ್ಲಿದ್ದರೂ ಅದು ಏಳು ಗಂಟೆಯ ನಿದ್ದೆ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರನ್ನು ಎರಡು ವಾರ ರಾತ್ರಿಗೆ 6 ಗಂಟೆ ಮಾತ್ರ ಮಲಗಲು ಬಿಟ್ಟಾಗ, ಗಮನದ ಪರೀಕ್ಷೆಯಲ್ಲಿ ಅವರು ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದರು. ತಾವು ಅಷ್ಟು ಇಳಿದಿದ್ದೇವೆ ಎಂಬುದು ಅವರಿಗೇ ಗೊತ್ತಾಗಲಿಲ್ಲ. ನನಗೆ ಈ ಕೊನೆಯ ಅಂಶವೇ ಮುಖ್ಯ ಅನ್ನಿಸುತ್ತದೆ. ರಾತ್ರಿಗಳು ಅಭ್ಯಾಸವಾಗಿವೆ, ಆದರೂ ಮರೆವು ಹೋಗಿಲ್ಲ, ಹಾಗಾದರೆ ಇದು ನಿದ್ದೆಯದ್ದಲ್ಲ ಎಂಬ ತರ್ಕ ಇಲ್ಲಿ ಬಿದ್ದುಹೋಗುತ್ತದೆ. ಅಭ್ಯಾಸವಾಗುವುದು ದಣಿವಿನ ಅನುಭವ ಮಾತ್ರ, ಮಿದುಳಿಗೆ ಆದ ನಷ್ಟ ಉಳಿದೇ ಇರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಕುಗ್ಗಿರುತ್ತದೆ. ಕಾರಣ ಏನೇ ಇರಲಿ, ನಿದ್ದೆಗೆಟ್ಟ ರಾತ್ರಿಯ ಮರುದಿನ ವಾಹನ ಓಡಿಸಬೇಡಿ.

ಹಿಂದಕ್ಕೆ ನಡೆದು ನೋಡುವುದು

ಎಡಿಎಚ್‌ಡಿ ವಯಸ್ಸಾದ ಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು. ಮನೆ, ಶಾಲೆ, ಕೆಲಸ ಹೀಗೆ ಎರಡು ಕಡೆಯಾದರೂ ಇರಬೇಕು, ಕನಿಷ್ಠ 6 ತಿಂಗಳಿನಿಂದ ಇರಬೇಕು, ಬದುಕಿಗೆ ತೊಡಕಾಗಿರಬೇಕು, ಬೇರೆ ಕಾರಣದಿಂದ ಬಂದದ್ದಾಗಿರಬಾರದು. ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣಗಳಿವೆ. 17 ತುಂಬಿದವರಿಗೆ ಒಂದು ಗುಂಪಿನಲ್ಲಿ 5 ಇದ್ದರೆ ಸಾಕು, ಮಕ್ಕಳಿಗೆ 6 ಬೇಕು.

ಒಂದು ಹಾಳೆಯನ್ನು ಅಡ್ಡ ಇಟ್ಟು ಬದುಕಿನ ಕಾಲರೇಖೆ ಎಳೆಯಿರಿ. ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಮನೆ ಬಿಟ್ಟು ಓದಿದ ಅಥವಾ ದುಡಿದ ಮೊದಲ ವರ್ಷ, ಗರ್ಭಕ್ಕೆ ಮೊದಲಿನ ವರ್ಷ, ಗರ್ಭದ ಕೊನೆಯ ಮೂರು ತಿಂಗಳು, ಹೆರಿಗೆಯ ನಂತರ ಎಂದು ಆರು ತುಂಡು ಮಾಡಿ. ಪ್ರತಿ ತುಂಡಿನ ಕೆಳಗೆ ನಡೆದ ಘಟನೆಯನ್ನೇ ಬರೆಯಿರಿ. "ನಾನು ಸೋಮಾರಿ", "ಯಾವಾಗಲೂ ಹೀಗೇ" ಎಂಬ ತೀರ್ಪುಗಳಿಂದ ವೈದ್ಯರಿಗೆ ಉಪಯೋಗವಿಲ್ಲ. "ಏಳನೇ ತರಗತಿಯಲ್ಲಿ ಮನೆಗೆಲಸ ಮಾಡಿದ್ದರೂ ಪುಸ್ತಕ ಒಯ್ಯಲು ಮರೆತು ವಾರಕ್ಕೆರಡು ಸಲ ಹೊರಗೆ ನಿಲ್ಲುತ್ತಿದ್ದೆ", "ಮೊದಲ ಕೆಲಸದಲ್ಲಿ ವರದಿ ಬರೆಯಲು ಕೂರುತ್ತಿದ್ದುದೇ ಕೊನೆಯ ರಾತ್ರಿ", ಇಂಥ ಸಾಲುಗಳಿಂದ ಇದೆ. ಹಳೆಯ ಅಂಕಪಟ್ಟಿಗಳಿದ್ದರೆ ಅಂಕ ಬಿಟ್ಟು ಶಿಕ್ಷಕರ ಷರಾ ಓದಿ. ಜಾಣೆ, ಆದರೆ ಗಮನ ಕೊಡುವುದಿಲ್ಲ. ಕನಸು ಕಾಣುತ್ತಾಳೆ. ಅಜಾಗರೂಕ ತಪ್ಪುಗಳು. ಮಾತು ಜಾಸ್ತಿ. ಇವು ಒಂದೇ ವರ್ಷ ಒಬ್ಬರೇ ಬರೆದದ್ದಾದರೆ ತೂಕ ಕಡಿಮೆ, ಬೇರೆ ಬೇರೆ ವರ್ಷ ಬೇರೆ ಬೇರೆಯವರು ಬರೆದದ್ದಾದರೆ ತೂಕ ಹೆಚ್ಚು.

ಬಾಲ್ಯದ ಬಗ್ಗೆ ನಮ್ಮ ನೆನಪಿಗಿಂತ ನಮ್ಮನ್ನು ಸಾಕಿದವರ ನೆನಪು ಮೇಲು. ಅಮ್ಮನನ್ನೋ ಅಕ್ಕನನ್ನೋ ಕೇಳಿ. ಆದರೆ ನನಗೆ ಎಡಿಎಚ್‌ಡಿ ಇತ್ತಾ ಎಂಬ ಧಾಟಿಯಲ್ಲಿ ಕೇಳಿದರೆ ಇಲ್ಲವೇ ಇಲ್ಲ ಎಂದೇ ಉತ್ತರ ಬರುತ್ತದೆ. ಶಾಲೆಗೆ ಹೊರಡಿಸಲು ಎಷ್ಟು ಸಲ ಹೇಳಬೇಕಾಗಿತ್ತು, ವಸ್ತುಗಳನ್ನು ಎಷ್ಟು ಕಳೆಯುತ್ತಿದ್ದೆ, ಊಟಕ್ಕೆ ಕೂತರೆ ಏಳದೆ ಮುಗಿಸುತ್ತಿದ್ದೆನಾ ಎಂದು ಕೇಳಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ, ಅಂಕ ಚೆನ್ನಾಗಿ ಬಂದರಂತೂ ಪ್ರಶ್ನೆಯೇ ಏಳುವುದಿಲ್ಲ. ಬಾಲ್ಯದಲ್ಲಿ ಹುಡುಗರಿಗೇ ಹೆಚ್ಚಾಗಿ ಗುರುತಾಗುವ ಎಡಿಎಚ್‌ಡಿ, ವಯಸ್ಕರಲ್ಲಿ ಗಂಡು ಹೆಣ್ಣಿನ ನಡುವೆ ಹೆಚ್ಚುಕಡಿಮೆ ಸಮವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ತೊಂದರೆಗಳ ಪಟ್ಟಿಯ ಪಕ್ಕದಲ್ಲೇ ಊರುಗೋಲುಗಳ ಪಟ್ಟಿಯನ್ನೂ ಬರೆಯಿರಿ. ಮೂರು ಅಲಾರಂ, ಎಲ್ಲದಕ್ಕೂ ಚೀಟಿ, ಎಲ್ಲಿಗಾದರೂ ಒಂದು ಗಂಟೆ ಮೊದಲೇ ಹೋಗಿ ಕೂರುವುದು, ಬೇರೆಯವರು ಒಂದು ಗಂಟೆಯಲ್ಲಿ ಮಾಡುವುದನ್ನು ರಾತ್ರಿ ಎಚ್ಚರವಿದ್ದು ಮೂರು ಗಂಟೆಯಲ್ಲಿ ಮುಗಿಸುವುದು, ಬ್ಯಾಂಕಿನ ಕೆಲಸವನ್ನೆಲ್ಲ ಸಂಗಾತಿಗೆ ಬಿಡುವುದು. ಲಕ್ಷಣ ಕಾಣದಿದ್ದರೂ ಅದನ್ನು ಮುಚ್ಚಲು ಸುರಿದ ಶ್ರಮ ಕಾಣುತ್ತದೆ.

ಮಗು ಬಂದಾಗ ಈ ಊರುಗೋಲುಗಳೇ ಮೊದಲು ಹೋಗುವುದು. ರಾತ್ರಿಯ ಹೆಚ್ಚುವರಿ ಗಂಟೆಗಳು ಇಲ್ಲ. ಗಡಿಯಾರದಂಥ ದಿನಚರಿ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಕೆಲಸ ತುಂಡಾಗುತ್ತದೆ, ತುಂಡಾದ ಕೆಲಸಕ್ಕೆ ಮರಳುವುದೇ ಎಡಿಎಚ್‌ಡಿ ಇರುವವರಿಗೆ ಎಲ್ಲಕ್ಕಿಂತ ಕಷ್ಟ. ಹೀಗೆ ಮೂವತ್ತು ವರ್ಷ ಸರಿದೂಗಿಸಿದ್ದು ಮೂರು ತಿಂಗಳಲ್ಲಿ ಬಯಲಾಗುತ್ತದೆ. ಹೆರಿಗೆಯಿಂದ ಎಡಿಎಚ್‌ಡಿ ಬಂತು ಎಂದು ಹೊರಗಿನವರಿಗೆ ತೋರಬಹುದು, ಬಂದದ್ದಲ್ಲ, ಮುಚ್ಚಳ ತೆರೆದದ್ದು. ಕಾಲರೇಖೆಯಲ್ಲಿ ವ್ಯತ್ಯಾಸ ಸ್ಪಷ್ಟ. ಗರ್ಭಕ್ಕೆ ಮೊದಲಿನ ನಾಲ್ಕೂ ತುಂಡುಗಳು ಖಾಲಿಯಿದ್ದು, ಊರುಗೋಲುಗಳೂ ಇಲ್ಲದೆ, ಕೊನೆಯ ಎರಡು ಮಾತ್ರ ತುಂಬಿದ್ದರೆ ಎಡಿಎಚ್‌ಡಿ ಸಾಧ್ಯತೆ ಬಹಳ ಕಡಿಮೆ. ಎಲ್ಲ ತುಂಡುಗಳಲ್ಲೂ ಏನಾದರೊಂದು ಇದ್ದರೆ ಮೌಲ್ಯಮಾಪನಕ್ಕೆ ಹೋಗಲೇಬೇಕು. ರಕ್ತಸಂಬಂಧವನ್ನೂ ಸೇರಿಸಿ. ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು 70ರಿಂದ 80%, ಒಡಹುಟ್ಟಿದವರಿಗೋ ನಿಮ್ಮ ದೊಡ್ಡ ಮಗುವಿಗೋ ಈಗಾಗಲೇ ಗುರುತಾಗಿದ್ದರೆ ಅದು ಗಟ್ಟಿ ಸುಳಿವು.

ಮರೆವಿನ ಬಗೆಯಲ್ಲೂ ಒಂದು ಸುಳಿವಿದೆ, ನಿಯಮವಲ್ಲ. ನಿದ್ದೆಗೆಟ್ಟ ತಲೆಗೆ ಇಷ್ಟದ ಪುಸ್ತಕವೂ ಓಡುವುದಿಲ್ಲ, ಪದ ನಾಲಿಗೆ ತುದಿಯಲ್ಲಿ ನಿಂತುಬಿಡುತ್ತದೆ. ಎಡಿಎಚ್‌ಡಿಯಲ್ಲಿ ಇಷ್ಟದ ವಿಷಯಕ್ಕೆ ಮೂರು ಗಂಟೆ ಗಮನ ನಿಲ್ಲುತ್ತದೆ, ಐದು ನಿಮಿಷದ ಅರ್ಜಿ ತುಂಬಲು ಮೂರು ವಾರವಾದರೂ ಕೈ ಏಳುವುದಿಲ್ಲ, ಅದು ಬಾಕಿಯಿದೆ ಎಂಬುದು ನೆನಪಿದ್ದೂ! ಖಿನ್ನತೆಯಲ್ಲಿ ಇಷ್ಟವೇ ಆರಿಹೋಗಿರುತ್ತದೆ. ಆತಂಕದಲ್ಲಿ ಗಮನವೆಲ್ಲ ಒಂದೇ ಭಯದ ಸುತ್ತ ಸುತ್ತುತ್ತಿರುತ್ತದೆ, ಮಗು ಉಸಿರಾಡುತ್ತಿದೆಯೇ ಎಂದು ನೋಡಲು ಇಪ್ಪತ್ತನೇ ಸಲ ಏಳುವಂತೆ.

ಹದಿನಾಲ್ಕು ದಿನದ ದಾಖಲೆ

ಪ್ರತಿದಿನ ನಾಲ್ಕೇ ಸಂಗತಿ ಬರೆಯಿರಿ: ಎಚ್ಚರವಾಗದೆ ಮಲಗಿದ ಅತಿ ದೀರ್ಘ ಅವಧಿ, ಒಟ್ಟು ನಿದ್ದೆ, ಆ ದಿನದ ಎರಡು ಮೂರು ಎಡವಟ್ಟುಗಳು, ಮನಸ್ಸಿನ ಸ್ಥಿತಿಗೆ 10ರಲ್ಲಿ ಒಂದು ಅಂಕ. ಹೆಚ್ಚು ಕಾಲಂಗಳನ್ನಿಟ್ಟರೆ ನಾಲ್ಕನೇ ದಿನಕ್ಕೆ ನಿಂತುಹೋಗುತ್ತದೆ. ಎರಡನೇ ವಾರದಲ್ಲಿ ಸತತ ಮೂರು ರಾತ್ರಿ, ಒಂದೇ ಸಮನೆ 5ರಿಂದ 6 ಗಂಟೆ ನಿದ್ದೆ ಸಿಗುವಂತೆ ಮಾಡಿಕೊಳ್ಳಿ. ಆ ಅವಧಿಗೆ ಮಗುವಿನ ಹೊಣೆ ಪೂರ್ತಿ ಇನ್ನೊಬ್ಬರದು, ಮಲಗುವ ಕೋಣೆಯೂ ಬೇರೆ. ಎದೆಹಾಲು ಕುಡಿಸುವವರು ಮಲಗುವ ಮೊದಲು ಹಾಲು ತೆಗೆದಿಟ್ಟು, ಎದ್ದೊಡನೆ ಕುಡಿಸಬೇಕು ಅಥವಾ ಮತ್ತೆ ತೆಗೆಯಬೇಕು. ಹಾಲು ಕಟ್ಟಿ ಎದೆ ಗಟ್ಟಿಯಾಗಿ ನೋವು ಬಂದರೆ ಪ್ರಯೋಗ ಅಲ್ಲಿಗೆ ನಿಲ್ಲಿಸಿ. ಹಾಲಿನ ಪ್ರಮಾಣ ಇನ್ನೂ ಹದಕ್ಕೆ ಬರುತ್ತಿರುವ ಮೊದಲ ಆರು ವಾರಗಳಲ್ಲಿ ಇದನ್ನು ಮಾಡದಿರುವುದೇ ಒಳ್ಳೆಯದು.

ಒಂದೇ ರಾತ್ರಿ ನೋಡಿ ತೀರ್ಮಾನಿಸಬೇಡಿ. ತಿಂಗಳುಗಳ ನಿದ್ದೆಯ ಬಾಕಿ ಒಂದು ರಾತ್ರಿಗೆ ತೀರುವುದಿಲ್ಲ, ಮೊದಲ ಬೆಳಿಗ್ಗೆ ತಲೆ ಇನ್ನೂ ಭಾರವಾಗಿರುವುದೂ ಉಂಟು. ಮೂರನೇ ದಿನಕ್ಕೆ ಎಡವಟ್ಟುಗಳು ಎದ್ದು ಕಾಣುವಂತೆ ಕಡಿಮೆಯಾದರೆ ನಿದ್ದೆಯ ಪಾಲು ದೊಡ್ಡದು. ದಣಿವು ಹೋಯಿತು, ಆದರೆ ಶುರುಮಾಡಲಾಗದ, ಮುಗಿಸಲಾಗದ, ಹೊತ್ತು ಜಾರಿಹೋಗುವ ತೊಂದರೆಗಳು ಹಾಗೇ ಉಳಿದವು ಎಂದಾದರೆ ಕಾಲರೇಖೆಯ ಕಡೆ ಮತ್ತೆ ನೋಡಿ. ಮಗು ಮಲಗಿದೆ, ನೋಡಿಕೊಳ್ಳಲು ಜನರಿದ್ದಾರೆ, ಆದರೂ ನಿಮಗೆ ನಿದ್ದೆಯೇ ಬರುತ್ತಿಲ್ಲ ಎಂದಾದರೆ ಅದನ್ನು ಹಗುರವಾಗಿ ಬಿಡಬೇಡಿ. ಖಿನ್ನತೆ, ಆತಂಕ, ಏರಿದ ಥೈರಾಯ್ಡ್ ಮೂರೂ ಹೀಗೆ ತೋರಿಸಿಕೊಳ್ಳುತ್ತವೆ.

ರಕ್ತ ಹೇಳುವುದು

ಹೆರಿಗೆಯ ನಂತರದ ಮೊದಲ ವರ್ಷ ಸುಮಾರು 5% ತಾಯಂದಿರಲ್ಲಿ ಥೈರಾಯ್ಡ್ ಗ್ರಂಥಿ ಉರಿಯೂತಕ್ಕೆ ಒಳಗಾಗುತ್ತದೆ. ಸಾಮಾನ್ಯವಾಗಿ 1ರಿಂದ 4 ತಿಂಗಳ ನಡುವೆ ಗ್ರಂಥಿಯಲ್ಲಿದ್ದ ಹಾರ್ಮೋನು ಸೋರಿ ಹೊರಬಂದು ಚಡಪಡಿಕೆ, ಎದೆಬಡಿತ, ನಿದ್ದೆಗೇಡು, ಸಿಡಿಮಿಡಿ ಉಂಟಾಗುತ್ತವೆ. ಕೂತಲ್ಲಿ ಕೂರಲಾಗದ ಎಡಿಎಚ್‌ಡಿಯಂತೆಯೇ. ಸಂಗ್ರಹ ಖಾಲಿಯಾದ ಮೇಲೆ, 4ರಿಂದ 8 ತಿಂಗಳ ಹೊತ್ತಿಗೆ, ಮಂಕು, ಮರೆವು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಬರುತ್ತವೆ. ಇದು ಗಮನವಿಲ್ಲದ ಎಡಿಎಚ್‌ಡಿಯಂತೆ. ಎರಡು ಹಂತದ ನಡುವೆ ಪರೀಕ್ಷೆ ಮಾಡಿಸಿದರೆ ಅಂಕಿಗಳು ಸರಿಯಾಗಿಯೇ ಕಾಣಬಹುದು. ಆದ್ದರಿಂದ ಥೈರಾಯ್ಡ್ ಕೆಲಸವನ್ನು ಅಳೆಯುವ ಟಿಎಸ್‌ಎಚ್ ಮತ್ತು ಫ್ರೀ ಟಿ4 ಸಾಮಾನ್ಯವಿದ್ದೂ ಲಕ್ಷಣ ಉಳಿದರೆ 6ರಿಂದ 8 ವಾರ ಬಿಟ್ಟು ಮತ್ತೆ ಮಾಡಿಸಿ. ಥೈರಾಯ್ಡ್ ವಿರುದ್ಧದ ಟಿಪಿಒ ಪ್ರತಿಕಾಯ ಇರುವವರಿಗೆ, ಟೈಪ್ 1 ಮಧುಮೇಹ ಇರುವವರಿಗೆ ಅಪಾಯ ಹೆಚ್ಚು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಹೆರಿಗೆಯ ನಂತರ ಕೂದಲು ಉದುರುತ್ತದೆಂದು ಅನೇಕರು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೆಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ಈ ಬಯೋಟಿನ್ ಅಡ್ಡಬಂದು ಟಿಎಸ್‌ಎಚ್ ಸುಳ್ಳಾಗಿ ಕಡಿಮೆಯೂ ಟಿ4 ಸುಳ್ಳಾಗಿ ಹೆಚ್ಚೂ ಬರುತ್ತದೆ, ಇಲ್ಲದ ಥೈರಾಯ್ಡ್ ಏರಿಕೆ ಇದ್ದಂತೆ ಕಾಣುತ್ತದೆ. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದುದನ್ನು ವೈದ್ಯರಿಗೂ ತಿಳಿಸಿ.

ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಬೇಕು. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಫೆರಿಟಿನ್ ಲೀಟರಿಗೆ 30 ಮೈಕ್ರೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂದೇ ಅನೇಕ ವೈದ್ಯರು ಪರಿಗಣಿಸುತ್ತಾರೆ. ಹೆರಿಗೆಯಾದ ಹೊಸತರಲ್ಲಿ ಮೈಯ ಉರಿಯೂತದಿಂದ ಫೆರಿಟಿನ್ ಇರುವುದಕ್ಕಿಂತ ಹೆಚ್ಚಾಗಿ ತೋರುವುದರಿಂದ ಆರು ವಾರದ ನಂತರದ ಅಂಕಿಯೇ ನಂಬಲರ್ಹ. ಸಸ್ಯಾಹಾರಿಗಳು ಬಿ12 ಸೇರಿಸಿಕೊಳ್ಳಿ.

ಪ್ರಶ್ನಾವಳಿಗಳು, ಮತ್ತು ತಡಮಾಡಬಾರದ ಸ್ಥಿತಿ

ಎಡಿಎಚ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಪ್ರಶ್ನಾವಳಿ ಬಳಕೆಯಲ್ಲಿದೆ, 18 ಪ್ರಶ್ನೆ, ಮೊದಲ 6 ಜರಡಿಯಂತೆ. ಅದು ಕೇಳುವುದು ಕಳೆದ ಆರು ತಿಂಗಳ ಬಗ್ಗೆ. ನಾಲ್ಕು ತಿಂಗಳ ಬಾಣಂತಿಗೆ ಆ ಆರು ತಿಂಗಳಲ್ಲಿ ಒಂದೂ ಸಾಮಾನ್ಯ ತಿಂಗಳಿಲ್ಲ! ಅದಕ್ಕೆ ಎರಡು ಪ್ರತಿ ತುಂಬಿಸಿ, ಒಂದು ಈಗಿನದು, ಇನ್ನೊಂದು ಗರ್ಭಕ್ಕೆ ಮೊದಲಿನ ವರ್ಷದ್ದು. ಎರಡನೆಯದಕ್ಕೆ ಅಧಿಕೃತ ಅಂಕದ ಬೆಲೆ ಇಲ್ಲ, ಆದರೆ ಎರಡರ ನಡುವಿನ ಅಂತರ ವೈದ್ಯರಿಗೆ ಬಹಳಷ್ಟು ಹೇಳುತ್ತದೆ.

ಎಡಿನ್‌ಬರ್ಗ್ ಪ್ರಸವೋತ್ತರ ಖಿನ್ನತೆ ಮಾಪಕವನ್ನೂ ತುಂಬಿಸಿ. 1987ರಲ್ಲಿ ಬಂದ ಇದರಲ್ಲಿ 10 ಪ್ರಶ್ನೆ, ಒಟ್ಟು 30 ಅಂಕ, ಕಳೆದ 7 ದಿನಗಳ ಲೆಕ್ಕ. 13 ಮುಟ್ಟಿದರೆ ಮೊದಲು ಖಿನ್ನತೆಯ ತಪಾಸಣೆ, ಇದ್ದರೆ ಚಿಕಿತ್ಸೆ ಆಗಬೇಕು, ಗಮನದ ಪ್ರಶ್ನೆ ಆಮೇಲೆ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು, ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ನೋಡದೆ ಅಂದೇ ವೈದ್ಯರನ್ನು ಕಾಣಿ. ಖಿನ್ನತೆ ಇದೆ ಎಂದಾಕ್ಷಣ ಎಡಿಎಚ್‌ಡಿ ಇಲ್ಲ ಎಂದಲ್ಲ. ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ 2023ರ ಅಧ್ಯಯನದಲ್ಲಿ, ಎಡಿಎಚ್‌ಡಿ ಇರುವ ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಕಂಡಿತ್ತು.

ಇನ್ನೊಂದು ಸ್ಥಿತಿಯಿದೆ, ಅದಕ್ಕೆ ದಾಖಲೆ ಬರೆಯುತ್ತ ಕೂರುವಂತಿಲ್ಲ. ನಿದ್ದೆಯಿಲ್ಲ, ಆದರೆ ದಣಿವೂ ಇಲ್ಲ. ಮಾತು ನಿಲ್ಲುವುದಿಲ್ಲ, ಯೋಚನೆಗಳು ಓಡುತ್ತವೆ, ಯಾರೋ ಕೇಡು ಬಗೆಯುತ್ತಿದ್ದಾರೆ ಅಥವಾ ಮಗುವಿನಲ್ಲಿ ಏನೋ ಅಸಹಜ ಶಕ್ತಿಯಿದೆ ಎಂಬ ನಂಬಿಕೆ ಮೂಡುತ್ತದೆ. ಇದು ಬಾಣಂತಿ ಸನ್ನಿ, ಸಾವಿರ ಹೆರಿಗೆಗೆ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಕಾಣಿಸುತ್ತದೆ. ಉನ್ಮಾದ ಮತ್ತು ಖಿನ್ನತೆ ಬಂದುಹೋಗುವ ಬೈಪೋಲಾರ್ ಕಾಯಿಲೆ ಸ್ವಂತಕ್ಕೋ ಮನೆತನದಲ್ಲೋ ಇದ್ದರೆ ಅಪಾಯ ಹೆಚ್ಚು. ತಾಯಿಯನ್ನೂ ಮಗುವನ್ನೂ ಅವರಷ್ಟಕ್ಕೇ ಬಿಡದೆ ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಡಿಎಚ್‌ಡಿ ಮೌಲ್ಯಮಾಪನಕ್ಕೆ ಹೋದಾಗಲೂ ಬೈಪೋಲಾರ್ ವಿಷಯ ಮುಚ್ಚಿಡಬೇಡಿ, ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಮಾತ್ರೆಗಳು ಉನ್ಮಾದವನ್ನು ಕೆರಳಿಸಬಲ್ಲವು.

ವೈದ್ಯರ ಬಳಿಗೆ

ಕಾಲರೇಖೆ, ಹದಿನಾಲ್ಕು ದಿನದ ಹಾಳೆ, ರಕ್ತದ ವರದಿ, ತುಂಬಿದ ಪ್ರಶ್ನಾವಳಿಗಳು, ಸಿಕ್ಕರೆ ಹಳೆಯ ಅಂಕಪಟ್ಟಿ ಒಯ್ಯಿರಿ. ಬಾಲ್ಯ ಬಲ್ಲವರು ಜೊತೆಗೆ ಬರಲಾಗದಿದ್ದರೆ ಫೋನಿನಲ್ಲಿ ಸಿಗುವಂತೆ ಹೇಳಿಡಿ. ಹತ್ತು ನಿಮಿಷದ ಭೇಟಿಯಲ್ಲಿ, ಪ್ರಶ್ನಾವಳಿಯ ಅಂಕವೊಂದನ್ನೇ ನೋಡಿ ಕೊಟ್ಟ ನಿರ್ಣಯ ಹೌದು ಎಂದಿದ್ದರೂ ಅಲ್ಲ ಎಂದಿದ್ದರೂ ಸಾಲದು. ಬಾಲ್ಯದ ಬಗ್ಗೆ ಕೇಳದ ಮೌಲ್ಯಮಾಪನ ಅಪೂರ್ಣ. ಬಾಲ್ಯದ ಚಿತ್ರ ಗಟ್ಟಿಯಾಗಿದ್ದರೆ ಮಗು ರಾತ್ರಿಪೂರ್ತಿ ಮಲಗುವವರೆಗೆ ಕಾಯಬೇಕಿಲ್ಲ. ಅಸ್ಪಷ್ಟವಾಗಿದ್ದರೆ ನಿದ್ದೆ, ಥೈರಾಯ್ಡ್, ಕಬ್ಬಿಣ ಸರಿಪಡಿಸಿಕೊಂಡು ಮೂರು ತಿಂಗಳ ನಂತರ ಮತ್ತೆ ನೋಡುವುದು ನನ್ನ ಪ್ರಕಾರ ನ್ಯಾಯವಾದ ದಾರಿ.

ಮಾತ್ರೆ ಶುರುಮಾಡುವುದಾದರೆ ಮೊದಲು ರಕ್ತದೊತ್ತಡ, ನಾಡಿ, ತೂಕ ನೋಡಿರಬೇಕು. ಗರ್ಭದಲ್ಲೋ ಹೆರಿಗೆಯ ನಂತರವೋ ರಕ್ತದೊತ್ತಡ ಏರಿದ್ದನ್ನು ತಪ್ಪದೆ ಹೇಳಿ. ಎದೆಹಾಲು ಕುಡಿಸುತ್ತಿದ್ದರೆ ಅದೊಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಇಂಥ ಉತ್ತೇಜಕಗಳಲ್ಲೊಂದಾದ ಮೀಥೈಲ್‌ಫೆನಿಡೇಟ್ ಹಾಲಿಗೆ ಬಹಳ ಕಡಿಮೆ ಸೇರುತ್ತದೆ, ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಮಗುವಿಗೆ ತಲುಪುವುದು ತಾಯಿಯ ಪ್ರಮಾಣದ 1%ಗಿಂತ ಕಡಿಮೆ. ಆಂಫೆಟಮೈನ್ ಗುಂಪಿನದು ಅದಕ್ಕಿಂತ ಹೆಚ್ಚು ಸೇರುತ್ತದೆ. ಪರಿಣಾಮ ಬೇಗ ಇಳಿಯುವ ಬಗೆಯ ಮಾತ್ರೆಯಾದರೆ ಹಾಲು ಕುಡಿಸಿದ ಕೂಡಲೇ ತೆಗೆದುಕೊಂಡು, ಮಗುವಿನ ತೂಕ ಏರುತ್ತಿದೆಯೇ, ನಿದ್ದೆ ಕೆಟ್ಟಿದೆಯೇ, ಹಾಲು ಕುಡಿಯುವುದು ಕಡಿಮೆಯಾಗಿದೆಯೇ ಎಂದು ಗಮನಿಸುತ್ತಿರಬೇಕು. ಮಕ್ಕಳ ವೈದ್ಯರಿಗೂ ವಿಷಯ ತಿಳಿದಿರಲಿ.

ನಿರ್ಣಯ ಬರುವವರೆಗಿನ ವಾರಗಳಲ್ಲಿ, ಕಾರಣ ಯಾವುದೇ ಆಗಿರಲಿ, ಮಗುವಿಗೆ ಕೊಡುವ ಔಷಧಿಯನ್ನು ನೆನಪಿಗೆ ಬಿಡಬೇಡಿ. ಬಾಟಲಿಯ ಮೇಲೆ ಒಂದು ಕಾಗದ ಅಂಟಿಸಿ, ಕೊಟ್ಟ ಹೊತ್ತು, ಪ್ರಮಾಣ, ಕೊಟ್ಟವರ ಹೆಸರು ಬರೆಯಿರಿ. ಬರೆದ ಮೇಲೆಯೇ ಮುಚ್ಚಳ ಹಾಕುವುದು ಎಂದು ಮನೆಯವರೆಲ್ಲ ಒಪ್ಪಿಕೊಳ್ಳಿ. ಜ್ವರದ ರಾತ್ರಿ ಇಬ್ಬರೂ ಒಂದೊಂದು ಸಲ ಕೊಟ್ಟುಬಿಡುವುದು ಇದರಿಂದ ತಪ್ಪುತ್ತದೆ.